ನೀಲಿ ಬೇಕಿತ್ತು, ಬಿಳಿ ಬಂತು

ಪೆಟ್ಟಿಗೆಯ ಟೇಪು ಕತ್ತರಿಸಿ, ಒಳಗೆ ತುಂಬಿದ್ದ ಕಾಗದದ ಚೂರುಗಳನ್ನೆಲ್ಲ ತೆಗೆದು, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆ ಬಿಳಿ ಪುಡಿ. ನಾನು ತರಿಸಿದ್ದು ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಮೈಲುತುತ್ತ ನೀಲಿಯಾಗಿರುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮುಂದಿನ ವಾರ ನಲವತ್ತು ವಿದ್ಯಾರ್ಥಿಗಳು ಆ ನೀಲಿ ಹರಳುಗಳನ್ನು ಮೂಸೆಯಲ್ಲಿ ಕಾಯಿಸಿ, ನೀರು ಹಾರಿಹೋಗಿ ಬಿಳಿಯಾಗುವುದನ್ನು ನೋಡಬೇಕಿತ್ತು. ಮೊದಲಿನ ತೂಕ, ಆಮೇಲಿನ ತೂಕ ಬರೆದುಕೊಂಡು ಹರಳಿನೊಳಗೆ ಎಷ್ಟು ನೀರಿತ್ತೆಂದು ಲೆಕ್ಕ ಹಾಕಬೇಕಿತ್ತು. ಈಗ ಬಂದಿರುವುದು ಪ್ರಯೋಗದ ಕೊನೆಯ ಹಂತ, ಸೀದಾ ಬಾಟಲಿಯಲ್ಲಿ.

ಸರಬರಾಜುದಾರರಿಗೆ ಖಾರವಾಗಿ ಒಂದು ಪತ್ರ ಬರೆಯಲು ಕುಳಿತೆ. ಎರಡು ಸಾಲು ಆಗುವಷ್ಟರಲ್ಲಿ ಉಗ್ರಾಣ ನೋಡಿಕೊಳ್ಳುವ ಹಿರಿಯರು ಬಂದು, ನನ್ನದೇ ಇಂಡೆಂಟಿನ, ಅಂದರೆ ಬೇಡಿಕೆ ಪತ್ರದ, ಪ್ರತಿಯನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ನನ್ನ ಅಕ್ಷರದಲ್ಲಿ ಹೀಗಿತ್ತು: ಕಾಪರ್ ಸಲ್ಫೇಟ್, 7758-98-7, 500 ಗ್ರಾಂ.

"ಬರೆದದ್ದು ಬರುತ್ತದೆ ಮೇಷ್ಟ್ರೇ. ಮನಸ್ಸಿನಲ್ಲಿದ್ದದ್ದು ಬರುವುದಿಲ್ಲ" ಎಂದರು.

ಪತ್ರವನ್ನು ಹರಿದುಹಾಕಿದೆ.

ರಸಾಯನಶಾಸ್ತ್ರ ವಿಭಾಗದ ಖರೀದಿಯ ಕೆಲಸ ನನ್ನ ಹೆಗಲಿಗೆ ಬಂದು ಆಗ ಇನ್ನೂ ಎರಡು ತಿಂಗಳಾಗಿತ್ತು. ಬಂದದ್ದು ಯೋಗ್ಯತೆಯಿಂದಲ್ಲ, ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದುದರಿಂದ. ಮುಖ್ಯಸ್ಥರು ಒಂದು ದಪ್ಪ ಫೈಲು, ಉಗ್ರಾಣದ ಒಂದು ಬೀಗದ ಕೈ ಕೊಟ್ಟು, "ಅಂಗಡಿಯಿಂದ ಸಾಮಾನು ತರಿಸಿದ ಹಾಗೆ, ಅಷ್ಟೇ" ಎಂದಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಪಟ್ಟಿ ಬರೆಯುವುದು, ಸಹಿ ಹಾಕಿಸುವುದು, ಬಂದಾಗ ಎಣಿಸಿಕೊಳ್ಳುವುದು. ಇದರಲ್ಲಿ ಕಲಿಯುವಂಥದ್ದೇನಿದೆ?

ಆ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಒಂದು ಅಂಗಸಂಸ್ಥೆ 1965ರಿಂದ ಪ್ರತಿಯೊಂದು ರಾಸಾಯನಿಕಕ್ಕೂ ಒಂದೊಂದು ನೋಂದಣಿ ಸಂಖ್ಯೆ ಕೊಡುತ್ತ ಬಂದಿದೆ. ಸಿಎಎಸ್ ಸಂಖ್ಯೆ ಎನ್ನುತ್ತಾರೆ. ಒಂದೇ ವಸ್ತುವಿಗೆ ಹತ್ತು ಹೆಸರಿದ್ದರೂ ಈ ಸಂಖ್ಯೆ ಒಂದೇ. ಅದರ ಕೊನೆಯ ಅಂಕಿ ಒಂದು ಕಾವಲುಗಾರ. ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಒಂದು, ಎರಡು, ಮೂರು ಎಂದು ಕ್ರಮವಾಗಿ ಗುಣಿಸಿ ಕೂಡಿದರೆ ಬರುವ ಮೊತ್ತದ ಬಿಡಿಸ್ಥಾನ ಆ ಕೊನೆಯ ಅಂಕಿಗೆ ಸಮವಾಗಬೇಕು. ಅವಮಾನ ಆರಿದ ಮೇಲೆ ಪೆನ್ಸಿಲ್ ಹಿಡಿದು ನನ್ನ ಸಂಖ್ಯೆಯನ್ನು ಪರೀಕ್ಷಿಸಿದೆ. ಎಂಟೊಂದಲ 8, ಒಂಬತ್ತೆರಡಲ 18, ಎಂಟು ಮೂರಲ 24, ಐದು ನಾಲ್ಕಲ 20, ಏಳೈದಲ 35, ಏಳಾರಲ 42. ಒಟ್ಟು 147. ಕೊನೆಯ ಅಂಕಿ 7. ಸರಿಯಾಗಿದೆ! ತೊಂದರೆ ಇದ್ದದ್ದೇ ಅಲ್ಲಿ. ಜಲರಹಿತ ಕಾಪರ್ ಸಲ್ಫೇಟಿನ ಸಂಖ್ಯೆ 7758-98-7. ಐದು ನೀರಿನ ಅಣುಗಳನ್ನು ಹೊತ್ತ ನೀಲಿ ಹರಳಿನದು 7758-99-8. ಕ್ಯಾಟಲಾಗಿನಲ್ಲಿ ಎರಡೂ ಒಂದರ ಕೆಳಗೊಂದು ಇದ್ದವು, ನನ್ನ ಕಣ್ಣು ಮೇಲಿನ ಸಾಲಿನಲ್ಲೇ ನಿಂತಿತ್ತು. ಕೈತಪ್ಪಿ ಬರೆದ ಅಂಕಿಯನ್ನು ಆ ಕಾವಲುಗಾರ ಬಹುಮಟ್ಟಿಗೆ ಹಿಡಿದುಕೊಡುತ್ತಾನೆ. ತಪ್ಪು ವಸ್ತುವನ್ನು ಸರಿಯಾದ ಅಂಕಿಗಳಲ್ಲಿ ಬರೆದವನನ್ನು ಏನೂ ಮಾಡಲಾರ.

ಹಿಂದಿರುಗಿಸಲು ಆಗುವುದಿಲ್ಲ, ರಾಸಾಯನಿಕಗಳನ್ನು ಯಾರೂ ಸುಲಭವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ಹೊಸದು ತರಿಸಲು ಸಮಯವೂ ಇರಲಿಲ್ಲ. ಪ್ರಯೋಗಾಲಯದ ಸಹಾಯಕರೇ ದಾರಿ ತೋರಿಸಿದರು. "ಬಿಳಿಯದಕ್ಕೆ ನೀರು ಕುಡಿಸಿದರೆ ನೀಲಿಯಾಗುವುದಿಲ್ಲವೇ?" ಆಗದೇ ಏನು! ಬೆಚ್ಚಗಿನ ನೀರಿಗೆ ನೀರು ಬೆರೆಸಿ ತೆಳುವಾಗಿಸಿದ ಗಂಧಕಾಮ್ಲ ಎರಡು ಹನಿ ಹಾಕಿ, ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಕದಡಿದೆವು. ಪುಡಿ ನೀರು ಮುಟ್ಟಿದ ಕಡೆ ಮೊದಲು ನೀಲಿ ಕಲೆಯಾಗಿ, ಆಮೇಲೆ ಬೀಕರಿನ ತುಂಬ ಹರಡಿತು. ಗಾಜು ಕೈಗೆ ಬಿಸಿಯಾಗಿ ತಾಗುತ್ತಿತ್ತು. ಸೋಸಿ, ಅಗಲವಾದ ಗಾಜಿನ ತಟ್ಟೆಗಳಿಗೆ ಸುರಿದು, ಮೇಲೆ ಸೋಸುಕಾಗದ ಮುಚ್ಚಿಟ್ಟೆವು. ನಾಲ್ಕನೆಯ ದಿನ ತಟ್ಟೆಯ ತಳದಲ್ಲಿ ಓರೆ ಅಂಚಿನ ನೀಲಿ ಹರಳುಗಳು. ನೂರು ಗ್ರಾಂ ಬಿಳಿ ಪುಡಿ ಸುಮಾರು 156 ಗ್ರಾಂ ಹರಳಾಗುತ್ತದೆ, ಅಂದರೆ ಹರಳಿನ ತೂಕದಲ್ಲಿ ಶೇಕಡ 36ರಷ್ಟು ಬರೀ ನೀರು. ವಿದ್ಯಾರ್ಥಿಗಳು ಕಾಯಿಸಿ ತೆಗೆಯಬೇಕಾಗಿದ್ದ ನೀರನ್ನು ನಾವು ಮೊದಲು ಒಳಗೆ ಸೇರಿಸಿಕೊಟ್ಟಿದ್ದೆವು. ಅವರಿಗೆ ಈ ವಿಷಯ ಹೇಳಲಿಲ್ಲ.

ಎಲ್ಲ ತಪ್ಪುಗಳೂ ಹೀಗೆ ನೀರು ಹಾಕಿ ಸರಿಮಾಡುವಂಥವಲ್ಲ. ಹನಿಗಿಂತ ಕಡಿಮೆ ದ್ರವವನ್ನೂ ಅಳೆದುಕೊಡುವ ಮೈಕ್ರೋಪಿಪೆಟ್ಟಿನ ತುದಿಗೆ ಸಿಕ್ಕಿಸುವ ಟಿಪ್‌ಗಳನ್ನೇ ನೋಡಿ. ಅವು ಸಾಮಾನ್ಯವಾಗಿ 96ರ ತಟ್ಟೆಗಳಲ್ಲಿ ಬರುತ್ತವೆ. ಜೀವರಸಾಯನದವರು ಹತ್ತು ತಟ್ಟೆ ಕೇಳಿದ್ದರು. ನಾನು ಕ್ಯಾಟಲಾಗಿನ ಸಂಖ್ಯೆ ಬರೆದು, ಪ್ರಮಾಣದ ಕಡೆ "10" ಎಂದು ತುಂಬಿದೆ. ಆ ಸಂಖ್ಯೆ ಒಂದು ತಟ್ಟೆಯದಲ್ಲ, ಹತ್ತು ತಟ್ಟೆಗಳ ಒಂದು ಪೆಟ್ಟಿಗೆಯದು. 960 ಬೇಕಾಗಿದ್ದಲ್ಲಿ 9,600 ಬಂದವು. ಕೆಡುವ ವಸ್ತುವಲ್ಲ, ಎರಡು ವರ್ಷ ಯಾರೂ ಟಿಪ್ ಕೇಳಲಿಲ್ಲ. ಆದರೆ ಆ ವರ್ಷ ಕೈಗವಸುಗಳಿಗೆ ಹಣ ಸಾಲದೆ ಬಂದಾಗ ಎಲ್ಲರ ಕಣ್ಣೂ ನನ್ನ ಕೋಣೆಯ ಮೂಲೆಯಲ್ಲಿದ್ದ ಆ ರಾಶಿಯ ಮೇಲೇ ಇತ್ತು.

ಗಾಜಿನ ಸಾಮಾನಿನಲ್ಲಿ ಇನ್ನೊಂದು ಬಗೆಯ ಪಾಠ. ಉಜ್ಜಿದ ಗಾಜಿನ ಕೀಲುಗಳಿಗೆ 24/40, 24/29 ಎಂದು ಅಳತೆ ಇರುತ್ತದೆ. ಮೊದಲನೆಯದು ಬಾಯಿಯ ಅಗಲ, ಎರಡನೆಯದು ಉಜ್ಜಿದ ಭಾಗದ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಆವಿಯನ್ನು ತಣಿಸಿ ದ್ರವವಾಗಿಸುವ ಕೊಳವೆ ಬೇಕಿತ್ತು, ನಾನು "24ರ ಕಂಡೆನ್ಸರ್" ಎಂದಷ್ಟೇ ಬರೆದಿದ್ದೆ. ನಮ್ಮ ಫ್ಲಾಸ್ಕುಗಳೆಲ್ಲ 24/40, ಬಂದ ಕಂಡೆನ್ಸರುಗಳು 24/29. ಕೂರುತ್ತವೆ, ಕೂರುವುದಿಲ್ಲ ಎನ್ನುವಂತಿಲ್ಲ. ಕೆಳಗಿನ 11 ಮಿಲಿಮೀಟರು ಮಾತ್ರ ಆಸರೆಯಿಲ್ಲದೆ ಖಾಲಿ. ನಿರ್ವಾತದಲ್ಲಿ ಬಟ್ಟಿ ಇಳಿಸುವವರು ಅವನ್ನು ಮುಟ್ಟಲಿಲ್ಲ.

ಇವುಗಳಿಗಿಂತ ಹೆಚ್ಚು ಕಾಡಿದ್ದು ಶುದ್ಧತೆಯ ದರ್ಜೆ. ಮೂರು ಕಡೆಯಿಂದ ಕೊಟೇಶನ್ ತರಿಸಿ, ಕಡಿಮೆ ದರದವರಿಗೆ ಆದೇಶ ಕೊಡುವುದು ಪದ್ಧತಿ. ನ್ಯಾಯವಾದ ಪದ್ಧತಿಯೇ. ಆದರೆ ಬೇಕಾದದ್ದನ್ನು ಪೂರ್ತಿ ಬರೆಯದಿದ್ದರೆ ಕಡಿಮೆ ದರವೆಂದರೆ ಕಡಿಮೆ ದರ್ಜೆ ಎಂದೇ ಅರ್ಥ. ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಮಿಶ್ರಣವನ್ನು ಬಿಡಿಬಿಡಿಯಾಗಿಸಿ ಅತಿನೇರಳೆ ಕಿರಣದಿಂದ ಗುರುತಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕಾಗಿ ಅಸಿಟೋನೈಟ್ರೈಲ್ ಎಂಬ ದ್ರಾವಕ ಕೇಳಿದ್ದರು. ಪಟ್ಟಿಯಲ್ಲಿ ದರ್ಜೆ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಸಾಮಾನ್ಯ ಪ್ರಯೋಗಾಲಯ ದರ್ಜೆಯದು ಬಂತು. ಒಳ್ಳೆಯ ಅಸಿಟೋನೈಟ್ರೈಲ್ ಅತಿನೇರಳೆ ಕಿರಣವನ್ನು ಸುಮಾರು 190 ನ್ಯಾನೋಮೀಟರಿನವರೆಗೂ ಹಾದುಹೋಗಲು ಬಿಡುತ್ತದೆ. ಅದನ್ನು ಆ ಯಂತ್ರಕ್ಕೆ ಬಳಸಲು ಅದೂ ಒಂದು ಕಾರಣ. ನಾನು ತರಿಸಿದ್ದರಲ್ಲಿದ್ದ ಕಲ್ಮಶಗಳು ತಾವೇ ಕಿರಣ ಹೀರಿ, ಯಂತ್ರದ ಪರದೆಯ ಮೇಲೆ ಯಾರೂ ಕರೆಯದ ಗುಡ್ಡಗಳನ್ನು ಎಬ್ಬಿಸಿದವು. ಆಕೆ ಮೂರು ದಿನ ತನ್ನ ಮಾದರಿಯಲ್ಲೇ ದೋಷ ಹುಡುಕಿದರು. ನಾಲ್ಕನೆಯ ದಿನ ಬಾಟಲಿಯ ಚೀಟಿ ಓದಿದರು. ಐದನೆಯ ದಿನ ನನ್ನ ಬಾಗಿಲ ಬಳಿ ಬಂದು, ಏನೂ ಹೇಳದೆ ಬಾಟಲಿಯನ್ನು ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಉಗ್ರಾಣದ ಹಿರಿಯರು ಅದೇ ಬಾಟಲಿ ನೋಡಿ ಹಳೆಯ ಕಥೆ ತೆಗೆದರು. 2008ರ ಕೊನೆಯಲ್ಲಿ ಜಗತ್ತಿನಾದ್ಯಂತ ಅಸಿಟೋನೈಟ್ರೈಲಿಗೆ ಬರ ಬಂದಿತ್ತಂತೆ. ಕಾರಣ ಪ್ರಯೋಗಾಲಯಗಳಲ್ಲಿ ಇರಲಿಲ್ಲ. ಆಗ ಈ ದ್ರಾವಕದ ಹೆಚ್ಚಿನ ಪಾಲು ಇದಕ್ಕೆಂದೇ ತಯಾರಾಗುತ್ತಿರಲಿಲ್ಲ. ಪ್ಲಾಸ್ಟಿಕ್ ಮತ್ತು ಕೃತಕ ನೂಲಿಗೆ ಬೇಕಾದ ಅಕ್ರಿಲೋನೈಟ್ರೈಲ್ ತಯಾರಿಸುವಾಗ ಉಪಉತ್ಪನ್ನವಾಗಿ ಸಿಗುತ್ತಿತ್ತು. ಆರ್ಥಿಕ ಕುಸಿತದಲ್ಲಿ ವಾಹನಗಳ, ಗೃಹೋಪಯೋಗಿ ವಸ್ತುಗಳ ಮಾರಾಟ ನಿಂತು, ಅಕ್ರಿಲೋನೈಟ್ರೈಲ್ ಕಾರ್ಖಾನೆಗಳು ಉತ್ಪಾದನೆ ತಗ್ಗಿಸಿದವು. ಎಲ್ಲೋ ಕಾರು ಮಾರಾಟವಾಗದಿದ್ದುದಕ್ಕೆ ಇಲ್ಲಿ ಯಂತ್ರ ನಿಂತಿತು. "ಮೆಥನಾಲಿನಲ್ಲಿ ಓಡಿಸಿದೆವು. ಎಲ್ಲರೂ ಗೊಣಗಿಕೊಂಡು ತಮ್ಮ ವಿಧಾನ ಬದಲಿಸಿಕೊಂಡರು" ಎಂದರು. ಆ ಮೇಲೆ ಅವರು ಇಂಥ ಕೆಲವು ದ್ರಾವಕಗಳ ದಾಸ್ತಾನು ಎರಡು ತಿಂಗಳಿಗಿಂತ ಕೆಳಗೆ ಇಳಿಯಲು ಬಿಟ್ಟಿಲ್ಲ.

ಹಾಗಾದರೆ ಎಲ್ಲವನ್ನೂ ಹೆಚ್ಚಾಗಿ ತರಿಸಿಟ್ಟುಕೊಂಡರೆ ಆಯಿತಲ್ಲ ಎಂದು ನನಗೂ ಅನ್ನಿಸಿತ್ತು. ದೊಡ್ಡ ಬಾಟಲಿಯಲ್ಲಿ ಗ್ರಾಂ ಲೆಕ್ಕಕ್ಕೆ ದರವೂ ಕಡಿಮೆ. ಆ ಆಸೆಯನ್ನು ಬಿಡಿಸಿದ್ದು ವಾರ್ಷಿಕ ದಾಸ್ತಾನು ಪರಿಶೀಲನೆ.

ಉಗ್ರಾಣದ ಒಳಕೋಣೆಯಲ್ಲಿ, ಕೆಳಗಿನ ಕಪಾಟಿನ ಹಿಂಬದಿಯಲ್ಲಿ, ಕಂದು ಗಾಜಿನ ಒಂದು ಸೀಸೆ. ನಾನು ಮಂಡಿಯೂರಿ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಚೀಟಿ ಅರ್ಧ ಉದುರಿತ್ತು, ಉಳಿದರ್ಧದಲ್ಲಿ "ಪಿಕ್ರಿಕ್" ಎಂಬಷ್ಟು ಓದಲು ಬರುತ್ತಿತ್ತು. ಮುಚ್ಚಳದ ಸುತ್ತ, ಕುತ್ತಿಗೆಯ ತಿರುಪಿನಲ್ಲಿ ಹಳದಿ ಹರಳಿನ ಒಂದು ಗೆರೆ. ಕೈ ಚಾಚಿದ್ದೆ. ಹಿಂದಿನಿಂದ ಹಿರಿಯರ ದನಿ ಬಂತು: "ಮುಟ್ಟಬೇಡಿ." ಆ ದನಿಯನ್ನು ಅವರಿಂದ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಪಿಕ್ರಿಕ್ ಆಮ್ಲವೆಂದರೆ ಟ್ರೈನೈಟ್ರೋಫಿನಾಲ್. ಅಂಗಾಂಶಗಳನ್ನು ಗಟ್ಟಿಗೊಳಿಸುವ ದ್ರಾವಣಕ್ಕೆ, ಕ್ರಿಯಾಟಿನಿನ್ ಪರೀಕ್ಷೆಗೆ ಬೇಕಾಗುತ್ತದೆ. ನೀರಿನಲ್ಲಿ ನೆನೆದಿರುವವರೆಗೆ ಸಾಧು. ಒಣಗಿದರೆ ಸ್ಫೋಟಕ, ಮುಚ್ಚಳದ ತಿರುಪಿನಲ್ಲಿ ಸಿಕ್ಕಿದ ಹರಳಿಗೆ ತಿರುಗಿಸುವ ಉಜ್ಜಾಟವೇ ಸಾಕು. ಇಬ್ಬರೂ ಹಿಂದಕ್ಕೆ ಹೆಜ್ಜೆ ಇಟ್ಟು, ಬೆಳಕು ಆರಿಸದೆ, ಬಾಗಿಲು ಎಳೆದುಕೊಂಡು ಹೊರಬಂದೆವು. ಸುರಕ್ಷತಾ ಅಧಿಕಾರಿಗೆ ಫೋನು ಹೋಯಿತು. ಕಟ್ಟಡ ಖಾಲಿಯಾಯಿತು. ಸ್ಫೋಟಕ ನಿರ್ವಹಣೆಯ ತಜ್ಞರು ಬಂದು ಅದನ್ನು ಒಯ್ದರು.

ಸಂಜೆ ಹಳೆಯ ರಿಜಿಸ್ಟರ್ ತೆಗೆದು ನೋಡಿದೆವು. ಬಂದದ್ದು ಅರ್ಧ ಕಿಲೋ. ಕೊಟ್ಟದ್ದು ಒಂದೇ ಸಲ, 10 ಗ್ರಾಂ. ಯಾರೋ ಒಬ್ಬರು, ನನ್ನಂತೆಯೇ, ದೊಡ್ಡದು ಅಗ್ಗ ಎಂದು ತರಿಸಿದ್ದರು. ಆ ಅಗ್ಗದ ಲೆಕ್ಕ ತೀರಲು ಎಷ್ಟು ಖರ್ಚಾಯಿತೆಂದು ಮುಖ್ಯಸ್ಥರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದಿನಿಂದ ನನ್ನ ಮೊದಲ ಪ್ರಶ್ನೆ ಬದಲಾಯಿತು. "ಎಷ್ಟು ಬೇಕು" ಎಂದು ಕೇಳಿದರೆ ಜನ ಯಾವಾಗಲೂ ಹೆಚ್ಚು ಹೇಳುತ್ತಾರೆ. "ಒಂದು ಸಲಕ್ಕೆ ಎಷ್ಟು ಗ್ರಾಂ, ವರ್ಷಕ್ಕೆ ಎಷ್ಟು ಸಲ" ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ. ಡೈಈಥೈಲ್ ಈಥರ್ ಕೇಳಿದವರಿಗೆ ಈಗ ಚಿಕ್ಕ ಡಬ್ಬಿಯೇ. ಅದು ಗಾಳಿ ಸೋಕಿದರೆ ನಿಧಾನವಾಗಿ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ, ಒಂದು ದಿನ ಬಟ್ಟಿ ಇಳಿಸುವವನ ಮುಖದ ಮೇಲೆ ಸಿಡಿಯುತ್ತದೆ. ಆದ್ದರಿಂದ ಬಂದ ದಿನಾಂಕ, ತೆರೆದ ದಿನಾಂಕ ಎರಡನ್ನೂ ಡಬ್ಬಿಯ ಮೇಲೆ ಬರೆಯದೆ ಉಗ್ರಾಣದಿಂದ ಹೊರಗೆ ಬಿಡುವುದಿಲ್ಲ.

ಬರುವುದಕ್ಕೆ ಮೊದಲೇ ಜಾಗ ಸಿದ್ಧವಿರಬೇಕು ಎಂಬುದನ್ನೂ ಆಗಲೇ ಕಲಿತದ್ದು. ನಾನು ವಹಿಸಿಕೊಂಡಾಗ ಉಗ್ರಾಣದ ಕಪಾಟುಗಳು ಇಂಗ್ಲಿಷ್ ಅಕಾರಾದಿಯಲ್ಲಿದ್ದವು. ನೋಡಲು ಅಚ್ಚುಕಟ್ಟು. ಆದರೆ ಆ ಕ್ರಮದಲ್ಲಿ ಅಸಿಟಿಕ್ ಆಮ್ಲದ ಸಾಲಿನಲ್ಲೇ ಅಮೋನಿಯಂ ನೈಟ್ರೇಟ್ ಬಂದು ಕೂರುತ್ತದೆ. ಉರಿಯುವುದೂ ಉರಿಸುವುದೂ ಅಕ್ಕಪಕ್ಕ. ಪ್ರತಿ ರಾಸಾಯನಿಕದ ಜೊತೆ ಸುರಕ್ಷತಾ ಮಾಹಿತಿ ಪತ್ರ ಬರುತ್ತದೆ, ಅದರಲ್ಲಿ ಹದಿನಾರು ವಿಭಾಗಗಳು. ಬಹಳ ಜನ ಅದನ್ನು ಫೈಲಿಗೆ ಹಾಕಲೆಂದೇ ತರಿಸಿಕೊಳ್ಳುತ್ತಾರೆ. ನಾನೀಗ ಆದೇಶಕ್ಕೆ ಮೊದಲೇ ತರಿಸಿ ಏಳನೆಯದನ್ನೂ ಹದಿಮೂರನೆಯದನ್ನೂ ಓದುತ್ತೇನೆ: ಎಲ್ಲಿ ಇಡಬೇಕು, ಮುಗಿದ ಮೇಲೆ ಎಲ್ಲಿಗೆ ಕಳಿಸಬೇಕು. ಭೂವಿಜ್ಞಾನದವರು ಕಲ್ಲು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಕೇಳಿದಾಗ ನಾನು ಮೊದಲು ತರಿಸಿದ್ದು ಆಮ್ಲವನ್ನಲ್ಲ, ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮನ್ನು. ಆ ಆಮ್ಲ ಚರ್ಮದೊಳಗೆ ಇಳಿದು ಮೈಯ ಕ್ಯಾಲ್ಸಿಯಮ್ಮನ್ನೇ ಹಿಡಿಯುತ್ತದೆ, ಮೊದಮೊದಲು ನೋವೂ ಇರದಿರಬಹುದು. ಮುಲಾಮು ಬಂದು, ಯಾರ ಕೈಗಾದರೂ ಎಟಕುವ ಜಾಗದಲ್ಲಿದೆ ಎಂದು ಎಲ್ಲರಿಗೂ ತೋರಿಸಿದ ಮೇಲೆ ಆಮ್ಲದ ಇಂಡೆಂಟಿಗೆ ಸಹಿ ಹಾಕಿದೆ. ಅವರು ಇದನ್ನು ಕಚೇರಿಯ ವಿಳಂಬವೆಂದು ಮುಖ್ಯಸ್ಥರಿಗೆ ದೂರು ಕೊಟ್ಟರು. ಕೊಡಲಿ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓದುವವರಿಗೂ ಬೇಸರ. ಒಂದು ಮಾತ್ರ ನನಗೆ ಆಶ್ಚರ್ಯವಾಗಿತ್ತು. ಪ್ರತಿದಿನ ಗಾಜು ತೊಳೆಯಲು ಬಳಸುವ ಅಸಿಟೋನ್, ಟೊಲುಯೀನ್, ಗಂಧಕಾಮ್ಲ ಇವೆಲ್ಲ ಮಾದಕ ದ್ರವ್ಯಗಳ ಕಳ್ಳಸಾಗಣೆ ವಿರುದ್ಧದ 1988ರ ವಿಶ್ವಸಂಸ್ಥೆಯ ಒಪ್ಪಂದದ ಪಟ್ಟಿಯಲ್ಲಿವೆ. ಅಸಿಟಿಕ್ ಅನ್‌ಹೈಡ್ರೈಡಿನ ಮೇಲಂತೂ ಇನ್ನೂ ಬಿಗಿಯಾದ ಕಣ್ಣು. "ಯಾವ ಉದ್ದೇಶಕ್ಕೆ" ಎಂಬ ಘೋಷಣಾ ಪತ್ರ ಕೇಳಿದಾಗ ಮೊದಲು ನನಗೆ ನಗು ಬಂದಿತ್ತು. ಆಸ್ಪಿರಿನ್ ತಯಾರಿಸುವ ಪ್ರಯೋಗಕ್ಕೆ ಎಂದು ಬರೆದು, ಮೂರು ಸಹಿ ಹಾಕಿಸಿ ಕಳಿಸಿದೆ.

ಕಿಣ್ವಗಳ ಕಥೆ ಚಿಕ್ಕದು, ದುಃಖದ್ದು. ಒಣ ಮಂಜುಗಡ್ಡೆಯಲ್ಲಿ ಇಟ್ಟು ಕಳಿಸುತ್ತಾರೆ. ಅದು ಮೈನಸ್ 78 ಡಿಗ್ರಿಯಲ್ಲಿ ಕರಗದೆ ನೇರ ಅನಿಲವಾಗಿ ಹಾರಿಹೋಗುತ್ತದೆ. ಪೆಟ್ಟಿಗೆ ಶುಕ್ರವಾರ ಸಂಜೆ ಬಂತು. ಕಾವಲುಗಾರರು ಸಹಿ ಹಾಕಿ, ಬಿಸಿಲು ತಾಗದ ಕಡೆ, ಜೋಪಾನವಾಗಿ ತಮ್ಮ ಮೇಜಿನ ಕೆಳಗೆ ಇಟ್ಟಿದ್ದರು. ಸೋಮವಾರ ತೆರೆದಾಗ ಥರ್ಮೋಕೋಲಿನೊಳಗೆ ಮಂಜುಗಡ್ಡೆಯ ಗುರುತೂ ಇಲ್ಲ, ಪುಟ್ಟ ಕೊಳವೆಯೊಂದು ಬೆಚ್ಚಗೆ ಮಲಗಿತ್ತು. ಅವರದೇನೂ ತಪ್ಪಿಲ್ಲ, ಹೇಳಬೇಕಾದವನು ನಾನು ಹೇಳಿರಲಿಲ್ಲ. ಈಗ ಅಂಥ ಆದೇಶಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ: ಸೋಮವಾರ ಇಲ್ಲವೆ ಮಂಗಳವಾರ ರವಾನಿಸಿ.

ಎರಡನೆಯ ವರ್ಷ ಇಂಡೆಂಟ್ ನಮೂನೆಯನ್ನೇ ಬದಲಿಸಿದೆ. ಹೆಸರು, ಸಿಎಎಸ್ ಸಂಖ್ಯೆ, ಜಲರಹಿತವೋ ಜಲಯುಕ್ತವೋ, ದರ್ಜೆ, ಒಂದು ಪ್ಯಾಕಿನ ಗಾತ್ರ, ಪ್ಯಾಕುಗಳ ಸಂಖ್ಯೆ, ಮತ್ತು ಕೊನೆಯಲ್ಲಿ ಅಗಲವಾದ ಒಂದು ಅಂಕಣ: ಯಾವ ಕೆಲಸಕ್ಕೆ. ನಮೂನೆ ನೋಡಿ ಹಿರಿಯ ಪ್ರಾಧ್ಯಾಪಕರೊಬ್ಬರು, "ಪಾಸ್‌ಪೋರ್ಟ್ ಅರ್ಜಿಯೇ ಇದು?" ಎಂದು ಕೇಳಿದರು. ಉಗ್ರಾಣದ ಹಿರಿಯರು ಮಾತ್ರ ಕೊನೆಯ ಅಂಕಣದ ಮೇಲೆ ಬೆರಳಿಟ್ಟು, "ಇದೊಂದೇ ಇದ್ದರೂ ಸಾಕಾಗಿತ್ತು" ಎಂದರು.

ಕಳೆದ ತಿಂಗಳು ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ನಮೂನೆ ಬಿಟ್ಟು ಒಂದು ಚೀಟಿ ಕಳಿಸಿದರು. "ಎಥನಾಲ್ – 5." ಅಷ್ಟೇ. ಹಳೆಯ ನಾನಾಗಿದ್ದರೆ ಐದು ಲೀಟರ್ ತರಿಸಿಬಿಡುತ್ತಿದ್ದೆ. ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ವಾಪಸು ಕಳಿಸಿದೆ. ಪೂರ್ತಿ ನಿರ್ಜಲವಾದದ್ದೋ, ಶೇಕಡ 95ರದ್ದೋ? ಡಿಎನ್ಎ ತೆಗೆಯಲು ಬೇಕಿದ್ದರೆ, ಯಾರೂ ಕುಡಿಯದಿರಲೆಂದು ವಿಷ ಬೆರೆಸಿದ್ದು ಆಗುವುದಿಲ್ಲ. ಬೆರೆಸದೆ ಇದ್ದದ್ದಕ್ಕೆ ಪ್ರತ್ಯೇಕ ಪರವಾನಗಿ ಬೇಕು, ತಡವಾಗುತ್ತದೆ. ಮೇಜು ಒರೆಸಲು ಆದರೆ ಶೇಕಡ 70ರದ್ದು ನಿರ್ಜಲಕ್ಕಿಂತ ಚೆನ್ನಾಗಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಇಲ್ಲೇ ನೀರು ಬೆರೆಸಿ ಕೊಡುತ್ತೇವೆ. ರೋಹಿತಮಾಪಕಕ್ಕೋ? ಐದು ಎಂದರೆ ಐದು ಏನು? ಯಾವ ಕೆಲಸಕ್ಕೆ?

ಮಧ್ಯಾಹ್ನ ಚೀಟಿ ತಿರುಗಿ ಬಂತು. ನನ್ನ ಅಷ್ಟೂ ಪ್ರಶ್ನೆಗಳ ಕೆಳಗೆ ಒಂದೇ ಸಾಲು: "ಸ್ಪಿರಿಟ್ ದೀಪಗಳಿಗೆ. ಐದು ದೀಪಗಳಿವೆ."